ನಾನು ಮಾಲೀಕನಾಗಿದ್ದ ಗುಂಡಿ

ಬೈಯುವುದರಲ್ಲೂ ಒಂದು ಸುಖವಿದೆ. ಆದರೆ ಬೈಸಿಕೊಳ್ಳುವವನು ಬೇರೆಯವನಾಗಿರಬೇಕು. ನನಗೆ ಆ ಸುಖವೂ ದಕ್ಕಲಿಲ್ಲ. ಫಾಸ್ಟ್ ಇಂಟರ್ನೆಟ್ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ಮೈ ಉರಿಯುತ್ತದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಶೇರು ಪತ್ರಿಕೆಗಳನ್ನು ಓದಿ ಓದಿ ನಾನೇ ಪಂಡಿತನಾದವನು. ಸೈಬರ್ ಕೆಫೆಯಲ್ಲಿ ಒಂದು ಫೋಟೊ ಹಣೆಯಿಂದ ಗಲ್ಲದವರೆಗೆ ಇಳಿಯುವಷ್ಟರಲ್ಲಿ ನಮ್ಮೂರು ಗೋಣಿಬೀಡಿನ ಬಸ್ಸು ಹೊರಟುಹೋಗುತ್ತಿದ್ದ ಕಾಲ ಅದು. ಇದನ್ನು ಫಾಸ್ಟ್ ಮಾಡುವವನೇ ನಾಳಿನ ಕುಬೇರ ಎಂದು ತೀರ್ಮಾನಿಸಿ, ನೆಲದಡಿ ಇಂಟರ್ನೆಟ್ ಕೇಬಲ್ ಹಾಕುವ ಒಂದು ಕಂಪನಿಯ ಶೇರು ಆರಿಸಿದೆ. ಬುದ್ಧಿ ನನ್ನದು, ದುಡ್ಡು ಅಮ್ಮನದು. ನಮ್ಮ ಹಳೆಯ ಪಲ್ಪರ್ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಬದಲು ಬೀಜವನ್ನೇ ಜಜ್ಜುತ್ತಿತ್ತು. ಹೊಸದಕ್ಕೆಂದು ಅಮ್ಮ ಕೂಡಿಟ್ಟಿದ್ದಳು.

“ಮುಂದಿನ ಕೊಯ್ಲಿಗೆ ಎರಡು ಪಲ್ಪರ್ ತರ್ತೀನಿ, ನೋಡ್ತಿರು.”

“ಒಂದು ಸಾಕು ಮಾರಾಯ. ಅದನ್ನ ತಾ.”

ಕೆಲವು ತಿಂಗಳು ಏರಿದ ರೇಟು ಒಂದು ಬೆಳಿಗ್ಗೆ ಜಾರತೊಡಗಿತು. ಟಿ.ವಿ.ಯಲ್ಲಿ ನೋಡಿದವನೇ, ಮಾರಿಬಿಡೋಣವೆಂದು ಚಿಕ್ಕಮಗಳೂರಿನ ಬ್ರೋಕರಿಗೆ ಫೋನ್ ಮಾಡಲು ಹೋದರೆ, ಫೋನು ಸತ್ತಿದೆ! ಹೊರಗೆ ಓಡಿದೆ. ನಮ್ಮ ಗೇಟಿನ ಮುಂದೆ ಉದ್ದಕ್ಕೂ ಗುಂಡಿ ತೋಡುತ್ತಿದ್ದಾರೆ. ಫೋನಿನ ತಂತಿ ತುಂಡಾಗಿ ಮಣ್ಣಲ್ಲಿ ಬಿದ್ದಿದೆ.

“ಕಣ್ಣು ಮನೇಲಿಟ್ಟು ಬಂದಿದೀರೇನ್ರೀ? ಯಾವನು ಹೇಳಿದ್ದು ಇಲ್ಲಿ ಅಗೀರಿ ಅಂತ?”

ಸೂಪರ್‌ವೈಸರ್ ನಿಧಾನಕ್ಕೆ ಕಿವಿ ಕೆರೆದುಕೊಂಡ. “ಫಾಸ್ಟ್ ಇಂಟರ್ನೆಟ್ ಬರುತ್ತೆ ಸಾರ್. ಬೈಯೋದಾದ್ರೆ ಕಂಪನಿ ಓನರ್‌ಗೆ ಬೈರಿ, ನಾವು ಕೂಲಿಯವ್ರು.”

ಬೈಯಲು ಹೆಸರು ಬೇಕಲ್ಲ! ಪಕ್ಕದಲ್ಲಿದ್ದ, ಕೇಬಲ್ ಸುತ್ತಿದ ದೊಡ್ಡ ಮರದ ಡ್ರಮ್ಮಿನ ಮೇಲೆ ಬರೆದದ್ದನ್ನು ಓದಿದೆ. ನನ್ನದೇ ಕಂಪನಿ.

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಎದೆಯುಬ್ಬಿತು! ಗೋಣಿಬೀಡಿನವರೆಗೆ ಬಂದು ಅಗೆಯುವ ಕಂಪನಿ ಮುಳುಗುವುದುಂಟೇ? ಕಾಫಿಗೆ ರೇಟು ಬಿದ್ದರೆ ಸುಲಿದು ಒಣಗಿಸಿದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಮೂಟೆ ಕಟ್ಟಿ ಗೋಡೌನಿನಲ್ಲಿಟ್ಟು ಕಾಯುವ ಜನ ನಾವು. ಶೇರನ್ನೂ ಹಾಗೇ ಇಟ್ಟೆ. ಪೇಟೆಗೆ ಹೋಗಿ ಬೂತಿನಿಂದ ಫೋನ್ ಮಾಡುವುದು ಬಿಟ್ಟು, ಅಗೆಯುವವರಿಗೆಲ್ಲ ಕಾಫಿ ಮಾಡಿಸಿ ಕುಡಿಸಿದೆ. “ಇನ್ನೂ ಸ್ವಲ್ಪ ಆಳ ಹೋಗ್ಲಿ” ಎಂದು ಮಾಲೀಕನ ಗತ್ತಿನಲ್ಲಿ ಸಲಹೆ ಬೇರೆ.

ಮಳೆಗೆ ಮೊದಲು ಅವರು ಹೋದರು. ಮಳೆಯಲ್ಲಿ ಕಂಪನಿಯೇ ಹೋಯಿತು. ಆ ಗುಂಡಿಯಲ್ಲಿ ಫಾಸ್ಟಾಗಿ ಬೆಳೆದದ್ದು ಕಪ್ಪೆಗಳು ಮಾತ್ರ. ದರಿದ್ರದವು, ರಾತ್ರಿಯಿಡೀ ನನ್ನ ಹೆಸರನ್ನೇ ಕೂಗುತ್ತಿವೆ ಅನ್ನಿಸುತ್ತಿತ್ತು.

“ಪಾರ್ಚ್‌ಮೆಂಟ್ ಆಗಿದ್ರೆ ಹುರಿದು ಕುಡೀಬಹುದಿತ್ತು ಮಾರಾಯ,” ಎಂದಳು ಅಮ್ಮ. ಅಷ್ಟೇ. ಬಾಯ್ತುಂಬ ಬೈದಿದ್ದರೆ ತಿರುಗಿ ಜಗಳವಾದರೂ ಆಡುತ್ತಿದ್ದೆ.

ಈ ಕೊಯ್ಲಿಗೂ ಹಳೆಯ ಪಲ್ಪರೇ. ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತಿರುವುದು ನನ್ನದು. ಕಂಪನಿ ಬಿಟ್ಟುಹೋದ ಖಾಲಿ ಡ್ರಮ್ಮನ್ನು ಮಗುಚಿ ಹಾಕಿ, ಅದರ ಮೇಲೆ ಮೊರ ಇಟ್ಟುಕೊಂಡು ಅಮ್ಮ ಒಡೆದ ಬೀಜ ಆರಿಸುತ್ತಾಳೆ. ನಿನ್ನೆ ಸೌದೆ ವ್ಯಾಪಾರಿಯೊಬ್ಬ ಬಂದು ಆ ಡ್ರಮ್ಮಿಗೆ ಹೇಳಿದ ಪುಡಿಗಾಸಿನ ರೇಟು ಕೇಳಿ ಪಿತ್ತ ನೆತ್ತಿಗೇರಿತು, ಗದರಿಸಿ ಕಳಿಸಿದೆ. ಈಗ ಯಾರಾದರೂ ಮಾರುತ್ತಾರೆಯೇ? ಇರಲಿ, ರೇಟು ಏರಲಿ.