ಮೌಶಿ ಕೊಂಡ ಮುಖಪುಟಗಳು

ಅವ್ವನ ತಂಗಿ, ನಮ್ಮ ಮೌಶಿಯಷ್ಟು ಹಳೆಯ ಕನ್ನಡ ಕಾದಂಬರಿಗಳನ್ನು ಕೊಂಡವರು ಹೈದರಾಬಾದಿನಲ್ಲಿ ಇನ್ನೊಬ್ಬರಿರಲಾರರು. ಆದರೆ ಅವಳಿಗೆ ಕನ್ನಡ ಓದಲು ಬರುವುದಿಲ್ಲ! ಮನೆಮಾತು ಬೀದರಿನ ಕನ್ನಡ. ಕಲಿತದ್ದು ಇಲ್ಲಿಯ ತೆಲುಗು ಶಾಲೆಯಲ್ಲಿ. ಮತ್ತೆ ಪುಸ್ತಕ ಯಾಕೆ ಎನ್ನುತ್ತೀರಾ? ಮುಖಪುಟದ ಚಿತ್ರಕ್ಕೆ!

ಭಾನುವಾರ ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕಗಳ ರಾಶಿ ಬೀಳುತ್ತದೆ. ಮಲ್ಕಾಜ್‌ಗಿರಿಯಿಂದ ಅವಳು, ಗಚ್ಚಿಬೌಲಿಯಿಂದ ನಾನು ಅಲ್ಲಿ ಸೇರುತ್ತೇವೆ. ಮೌಶಿ ಮೊಳಕೈವರೆಗೆ ರಾಶಿಯಲ್ಲಿ ಕೈಹಾಕಿ ಒಂದನ್ನು ಎಳೆದು ಸೆರಗಿನಿಂದ ಒರೆಸುತ್ತಾಳೆ. ಒಮ್ಮೆ ಕಂಬಕ್ಕೊರಗಿ ಕಣ್ಣೀರಿಡುವ ತರುಣಿ ಸಿಕ್ಕಳು.

"ಪಾಪ, ವಿರಹ," ಎಂದೆ.

"ಎಂಥಾ ವಿರಹ? ಉಳ್ಳಾಗಡ್ಡಿ ಹೆಚ್ಚಿ ಬಂದಾಳ. ರೇಷ್ಮಿ ಸೀರಿ ಉಟ್ಟು ಯಾರರ ಹೆಚ್ತಾರೇನು? ಬುದ್ಧಿ ಇಲ್ಲ!"

ಇನ್ನೊಮ್ಮೆ ಅಂಗಡಿಯವನು ಮುಖಪುಟ ಹರಿದುಹೋದ ಕಾದಂಬರಿಯೊಂದನ್ನು ಪುಕ್ಕಟೆ ಕೊಡಲು ಬಂದ. ಮೌಶಿ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಮಾರೀನ, ಮುಖಾನ ಇಲ್ಲದವರ ಕೂಡ ಮನ್ಯಾಗ ಏನ್ ಮಾತಾಡ್ಲಿ?" ಎಂದಳು.

ಅವಳ ಮನೆಗೆ ಬಂದಮೇಲೆ ಚಿತ್ರ ನೋಡಿ ಮೊದಲು ಅವಳು ಕಥೆ ಹೇಳಬೇಕು, ಆಮೇಲೆ ನಾನು ಓದಬೇಕು. ಎರಡೂ ಹೊಂದದಿದ್ದರೆ ತಪ್ಪು ಯಾರದು? "ಬರದಾವ ಈ ಚಿತ್ರ ನೋಡೇ ಇಲ್ಲ ಬಿಡು!"

ಕಳೆದ ತಿಂಗಳು ಸಿಕ್ಕ ಪುಸ್ತಕದ ಮೇಲೆ ಬಾಗಿಲಲ್ಲಿ ನಿಂತ ಹೆಂಗಸು, ಮುಂದೆ ಖಾಲಿ ದಾರಿ. ಮೌಶಿ ಕಥೆ ಹೇಳಲಿಲ್ಲ. "ಈ ಸಲ ನೀನ ಓದವಾ," ಎಂದಳು.

ಮೌಶಿಯ ಗಂಡ ರೈಲ್ವೆ ಗಾರ್ಡ್ ಆಗಿದ್ದರು. ಮೂರು ವರ್ಷದ ಹಿಂದೆ ಬೆಳಿಗ್ಗೆ ಡ್ಯೂಟಿಗೆ ಹೋದವರು ಯಾವುದೋ ಊರಿನ ಸ್ಟೇಶನ್ನಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಓದುತ್ತಾ ಕೊನೆಯ ಪುಟಕ್ಕೆ ಬಂದೆ. ಕಾಯುತ್ತಿದ್ದವಳ ಗಂಡ ಬರುವುದಿಲ್ಲ. ಅಲ್ಲಿಗೆ ಕಾದಂಬರಿ ಮುಗಿದಿತ್ತು. ಆ ಸಾಲುಗಳನ್ನು ಬಿಟ್ಟೆ. "ಅಷ್ಟರಲ್ಲಿ ಬಾಗಿಲ ಸದ್ದಾಯಿತು," ಎಂದು ಓದಿದೆ. "ಅವನು ಚಪ್ಪಲಿ ಬಿಟ್ಟು ಒಳಗೆ ಬಂದ."

ಮೌಶಿ ಪುಸ್ತಕದ ಕಡೆ ನೋಡಿದಳು. "ಅಕ್ಷರ ಅರ್ಧ ಹಾಳಿಗೇ ಮುಗದಾವ. ನೀ ಇನ್ನೂ ಓದಾಕತ್ತೀಯಲ್ಲ."

ನಾಚಿಕೊಂಡು ಪುಸ್ತಕ ಮುಚ್ಚಹೋದೆ. ಅವಳು ನನ್ನ ಕೈ ಹಿಡಿದಳು.

"ಒಳಗ ಬಂದು ಏನಂದಾ? ಓದು."