ಪ್ಯಾರಿಸ್ಸಿನಲ್ಲಿ ರೈಟರ್ ಕೆಲಸ

ಬೆಂಗಳೂರಿನ ಒಂದು ಕನ್ನಡ ಪತ್ರಿಕೆಗೆ ಹತ್ತು ಹನ್ನೆರಡು ವರ್ಷ ಪ್ಯಾರಿಸ್ಸಿನಿಂದ ಚಿತ್ರಕಲೆ, ಸಂಗೀತ, ನಾಟಕದ ಸುದ್ದಿ ಬರೆದವಳು ನಾನು. ಕೆಲಸವೇನೋ ಗಂಭೀರದ್ದೇ. ಆದರೆ ನಾನು ಗಂಭೀರವಾಗಿ ಮುಖ ಮಾಡಿಕೊಂಡಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ದೇಶ ಯಾವುದಾದರೂ ಅಷ್ಟೆ.

೧. ಅಪ್ಪನ ಹಾದಿ

ನಮ್ಮಪ್ಪ ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ, ಕಾಫಿಯ ತೂಕ ಬರೆಯುವ ಕೆಲಸ. ತೊಂಬತ್ತರ ದಶಕದ ಶುರುವಿನಲ್ಲಿ ನನಗೆ ಪ್ಯಾರಿಸ್ಸಿನಲ್ಲಿ ಕೆಲಸ ಅಂತ ಗೊತ್ತಾದಾಗ ಜಾವಳಿಯ ಅತ್ತೆ ಬಸ್ಸು ಹತ್ತಿ ಬಂದೇಬಿಟ್ಟರು.

"ಏನು ಕೆಲಸವೇ ಅಲ್ಲಿ?"

"ರೈಟರ್, ಅತ್ತೆ."

ಅತ್ತೆ ನನ್ನ ತಲೆ ಸವರಿದರು. "ಅಪ್ಪನ ಕೆಲಸವೇ ಸಿಕ್ತಲ್ಲ, ಪುಣ್ಯ! ಅಲ್ಲಿ ಬೆಳೆಯೋ ಕಾಫಿ ಅರೇಬಿಕಾನೋ, ರೊಬಸ್ಟಾನೋ?"

ನಾನು ಬಾಯಿ ತೆರೆಯುವುದರೊಳಗೆ ಅಪ್ಪ, "ಅರೇಬಿಕಾ" ಅಂದುಬಿಟ್ಟರು. ಅತ್ತೆ ಒಳಗೆ ಹೋದ ಮೇಲೆ ನನ್ನ ಕಿವಿಯಲ್ಲಿ ಹೇಳಿದರು: "ಚಿತ್ರ ನೋಡೋದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ನನಗೇ ನಂಬಿಕೆ ಬರಲ್ಲ ಮಾರಾಯ್ತಿ, ಅವಳು ನಂಬ್ತಾಳಾ?"

೨. ಅತ್ತವಳು ನಾನೊಬ್ಬಳೇ

ಪ್ಯಾರಿಸ್ಸಿನ ಗ್ಯಾಲರಿಯೊಂದರಲ್ಲಿ ದೊಡ್ಡ ಕಲಾವಿದರೊಬ್ಬರ ಪ್ರದರ್ಶನ. ಬಿಳಿ ಗೋಡೆಗಳ ಕೋಣೆ, ನಡುವೆ ಹಳೆಯ ಗೋಣಿಚೀಲಗಳ ರಾಶಿ. ಅಷ್ಟೆ. ಬಂದವರೆಲ್ಲ ಗಲ್ಲಕ್ಕೆ ಕೈ ಕೊಟ್ಟು ಅದರ ಸುತ್ತ ತಿರುಗುತ್ತಿದ್ದರು. ನಾನೂ ನೋಟ್‌ಬುಕ್ ಹಿಡಿದು ತಿರುಗಿದೆ. ನೋಡಿದರೆ ಕೆಳಗಿನ ಚೀಲದ ಮೇಲೆ ಮಾಸಿದ ಇಂಗ್ಲಿಷ್ ಅಕ್ಷರದಲ್ಲಿ 'ಚಿಕ್ಕಮಗಳೂರು' ಅಂತ ಇದೆ!

ಊರು ನೋಡದೆ ಎರಡು ವರ್ಷವಾಗಿತ್ತು. ಬಗ್ಗಿ ಮೂಸಿದೆ. ಕಾಫಿ ಒಣಗಿಸುವ ಕಣದ ವಾಸನೆ. ಅಲ್ಲೇ ಅಳು ಬಂತು.

ಕಲಾವಿದರು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಇಪ್ಪತ್ತು ವರ್ಷದಿಂದ ಪ್ರದರ್ಶನ ಮಾಡ್ತಿದ್ದೇನೆ. ನನ್ನ ಕಲೆ ನೋಡಿ ಅತ್ತವರು ನೀವೊಬ್ಬರೇ" ಎಂದು ಅವರೂ ಕಣ್ಣೊರೆಸಿಕೊಂಡರು. ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ, "ಚೀಲ ತೂತಾಗಿರ್ಲಿಲ್ಲ ತಾನೆ?" ಎಂದಳು.

೩. ಬೂತಿನಲ್ಲಿ ಓದಿದ ಸುದ್ದಿ

ಒಂದು ವರ್ಷ ಅಪ್ಪನಿಗೆ ಎದೆನೋವು ಬಂದು ಚಿಕ್ಕಮಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಸಿಕ್ಕ ವಿಮಾನ ಹತ್ತಿ ಓಡಿ ಬಂದೆ. ನಾನು ಮುಟ್ಟುವಷ್ಟರಲ್ಲಿ ಅಪ್ಪ ಮನೆಗೆ ಬಂದು ಗಂಜಿ ಕುಡಿಯುತ್ತಿದ್ದರು.

ಮಾರನೆಯ ದಿನ ಸಂಪಾದಕರ ಫೋನು. ಪ್ಯಾರಿಸ್ಸಿನಲ್ಲಿ ಒಬ್ಬ ಹಿರಿಯ ಗಾಯಕರು ತೀರಿಕೊಂಡಿದ್ದರು. ನನ್ನನ್ನು ಮಗಳ ಹಾಗೆ ಕಂಡವರು. "ಈಗಲೇ ಬರೆದು ಫೋನಿನಲ್ಲಿ ಓದಿ" ಅಂದರು ಸಂಪಾದಕರು. ಅಷ್ಟರಲ್ಲಿ ಮನೆಯ ಫೋನಿನಲ್ಲಿ ಬರೀ ಗೊರಗೊರ ಸದ್ದು. ಬರೆದುಕೊಂಡು ಆಲ್ದೂರಿನ ಎಸ್‌ಟಿಡಿ ಬೂತಿಗೆ ಹೋದೆ.

ಅಲ್ಲೂ ಕಿರುಚಿಯೇ ಓದಬೇಕಾಯಿತು. "ಹಿರಿಯರು ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡರು!" ಹಾಳೆ ಮಗುಚಿದೆ. "ಮೂವರು ಹೆಂಡತಿಯರು... ಹೌದು ಸಾರ್, ಮೂವರು! ಮತ್ತು ಅಪಾರ ಬಂಧುಬಳಗವನ್ನು ಅಗಲಿದ್ದಾರೆ!"

ಕಣ್ಣೊರೆಸಿಕೊಂಡು ಹೊರಬಂದರೆ ಅಪ್ಪನ ಪರಿಚಯದವರೇ ಆದ ಬೂತಿನ ಯಜಮಾನರು ಎದ್ದು ನಿಂತಿದ್ದರು. "ದುಡ್ಡು ಆಮೇಲಾಯ್ತು, ಮೊದಲು ಮನೆಗೆ ಹೋಗಿಮ್ಮ" ಅಂದರು. ಎಂಥ ಒಳ್ಳೆ ಮನುಷ್ಯ ಅಂದುಕೊಂಡು, ಅಪ್ಪನ ಮಾತ್ರೆ ತಗೊಂಡು, ಬಸ್ಸು ಕಾದು ಮನೆ ಸೇರಿದೆ.

ನನಗಿಂತ ಮುಂಚೆ ಬೂತಿನ ಸುದ್ದಿ ಒಂದಕ್ಷರ ಬಿಡದೆ ಮನೆ ಸೇರಿತ್ತು. ಅಂಗಳದ ತುಂಬ ಜನ. ಎಸ್ಟೇಟಿನ ಯಜಮಾನರು ಹೂವಿನ ಹಾರ ತಂದಿದ್ದರು. ಬಾಗಿಲಲ್ಲಿ ಅಪ್ಪ, ಗಂಜಿ ಲೋಟ ಹಿಡಿದು ಕಕ್ಕಾಬಿಕ್ಕಿ. ಆಳುಗಳ ಮೇಸ್ತ್ರಿ ಅಪ್ಪನ ಕೈ ಹಿಡಿದುಕೊಂಡು, "ಇದೀರಲ್ಲ ರೈಟರೇ, ಇದೀರಲ್ಲ!" ಎಂದು ಅಳುತ್ತಿದ್ದ.

ಗಾಯಕರ ವಿಷಯ ಬಿಡಿಸಿ ಹೇಳಿದೆ. ಅಂಗಳವೆಲ್ಲ ನಗುವೋ ನಗು. "ನನಗೋಸ್ಕರ ಇಷ್ಟು ಜನ ಬರ್ತಾರೆ ಅಂತ ಗೊತ್ತೇ ಇರ್ಲಿಲ್ಲ" ಎಂದು ಅಪ್ಪ ಪಂಚೆಯಂಚಿನಿಂದ ಕಣ್ಣೊರೆಸಿಕೊಂಡರು.

ಅಮ್ಮ ಮಾತ್ರ ನಗಲಿಲ್ಲ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ, ಅಪ್ಪನ ಎದುರು ಬಂದು ಕೂತಳು.

"ಸತ್ತಿದ್ದು ಸುಳ್ಳು, ಆಯ್ತು. ಆ ಇನ್ನಿಬ್ಬರು ಹೆಂಡ್ತೀರೂ ಸುಳ್ಳೇ ತಾನೆ?"