ಹೆಂಡತಿಯ ದನಿ ಮತ್ತು ಬೆಂಕಿಯ ಗಂಟೆ

‘ಏನು ಕೆಲಸ ಮಾಡ್ತೀರಿ?’ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಯುರಿ. ಮೇಷ್ಟ್ರು ಮೇಷ್ಟ್ರು ಎನ್ನುತ್ತಾರೆ, ಡ್ರೈವರ್ ಡ್ರೈವರ್ ಎನ್ನುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ನನ್ನದು ಹಾಗಲ್ಲ. ಮೊದಲು ಪೊಲೀಸ್ ಇಲಾಖೆಯ ವೈರ್‌ಲೆಸ್ ವಿಭಾಗದಲ್ಲಿದ್ದೆ. ಪೊಲೀಸ್ ಎಂದ ಕೂಡಲೇ ಎದುರಿನವರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ವೈರ್‌ಲೆಸ್ ಎಂದ ಕೂಡಲೇ ಮತ್ತೆ ಗೋಡೆಗೆ ಒರಗುತ್ತಿದ್ದರು. ಹೆಣ್ಣು ನೋಡಲು ತೂಬಗೆರೆಗೆ ಹೋದಾಗ ನನ್ನ ಭಾವಿ ಮಾವ, ಇದುವರೆಗೆ ಎಷ್ಟು ಕಳ್ಳರನ್ನು ಹಿಡಿದಿದ್ದೀರಿ ಎಂದು ಕೇಳಿದರು. ಕಳ್ಳ ಯಾವ ಕಡೆ ಓಡಿದ ಎಂದು ಹಿಡಿಯುವವರಿಗೆ ಹೇಳುವ ಯಂತ್ರವನ್ನು ರಿಪೇರಿ ಮಾಡುವುದು ನನ್ನ ಕೆಲಸ ಎಂದೆ. ಅವರು ಒಂದು ನಿಟ್ಟುಸಿರು ಬಿಟ್ಟು, ಹಾಗಾದರೆ ನಮ್ಮ ಟಿ.ವಿ.ಯಲ್ಲಿ ಚಿತ್ರ ನಡುಗುತ್ತೆ, ಒಂಚೂರು ನೋಡಿ ಎಂದರು. ನೋಡಿದೆ. ಚಿತ್ರ ನಿಂತಿತು. ಹೆಣ್ಣು ಕೊಟ್ಟರು.

ಸರ್ಕಾರಿ ಕೆಲಸ ಸಾಕೆನ್ನಿಸಿ ಸ್ವಯಂ ನಿವೃತ್ತಿ ತೆಗೆದುಕೊಂಡು, ಬಾಶೆಟ್ಟಿಹಳ್ಳಿಯ ಒಂದು ಖಾಸಗಿ ಕಂಪನಿ ಸೇರಿದೆ. ಕಾರ್ಖಾನೆಗಳಿಗೆ ಬೆಂಕಿಯ ಗಂಟೆ, ಕ್ಯಾಮೆರಾ, ಮೈಕು ಜೋಡಿಸಿ ಕಂಟ್ರೋಲ್ ರೂಮ್ ಮಾಡಿಕೊಡುವ ಕಂಪನಿ. ಇಲಾಖೆಯಲ್ಲಿ ಒಂದು ಸೆಟ್ಟು ಕೆಟ್ಟರೆ ರಿಪೇರಿಗೆ ಮಂಜೂರಾತಿ ಬರುವಷ್ಟರಲ್ಲಿ ಸೆಟ್ಟೇ ಬೇಸತ್ತು ತಾನಾಗಿ ಸರಿಹೋಗುತ್ತಿತ್ತು. ಇಲ್ಲಿ ಯಂತ್ರ ಮೊದಲು ಬರುತ್ತದೆ, ಅದು ಯಾತಕ್ಕೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಅಲ್ಲಿ ನಾವು ಇಡೀ ದಿನ ‘ಸಮಸ್ಯೆ’ ಎನ್ನುತ್ತಿದ್ದೆವು, ಇಲ್ಲಿ ಎಲ್ಲಕ್ಕೂ ‘ಸೊಲ್ಯೂಷನ್’ ಎನ್ನಬೇಕು. ನನ್ನ ಮೇಲಧಿಕಾರಿ ಕಿರಣ್, ನನ್ನ ಮಗನ ವಯಸ್ಸಿನವನು, ನನ್ನನ್ನು ಅಂಕಲ್ ಎಂದು ಕರೆಯುತ್ತಲೇ ರಜೆ ಇಲ್ಲ ಎನ್ನಬಲ್ಲ.

ಸೇರಿದ ಹೊಸದರಲ್ಲೇ ನನಗೆ ಸಿಕ್ಕಿದ್ದು ಒಂದು ಬಟ್ಟೆ ಹೊಲಿಯುವ ಕಾರ್ಖಾನೆ. ಮೂರು ಅಂತಸ್ತು, ತುಂಬ ಹೆಣ್ಣುಮಕ್ಕಳು. ಹೊಗೆ ಕಂಡರೆ ಸಾಕು, ಗಂಟೆ ಹೊಡೆದು, ಹಿಂದೆಯೇ ರೆಕಾರ್ಡ್ ಮಾಡಿದ ದನಿಯೊಂದು ಎಲ್ಲರನ್ನೂ ಹೊರಗೆ ಕಳುಹಿಸಬೇಕು. ಕೆಲಸ ಕಾಯಂ ಆಗುವುದು ಇದರ ಮೇಲಿದೆ ಅಂಕಲ್ ಎಂದು ಕಿರಣ್ ನಗುತ್ತಲೇ ಹೇಳಿದ್ದ.

ಅಣಕು ಪ್ರದರ್ಶನದ ದಿನ ಗಂಟೆ ಚೆನ್ನಾಗಿಯೇ ಹೊಡೆಯಿತು. ಹಿಂದೆಯೇ ಬೆಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ ಜೇನಿನಂಥ ದನಿ ಬಂತು: ‘ದಯವಿಟ್ಟು ಗಮನಿಸಿ. ಕಟ್ಟಡದಲ್ಲಿ ಅಗ್ನಿ ಅವಘಡದ ಸಂಭವ ಕಂಡುಬಂದಿರುವುದರಿಂದ ತಾವೆಲ್ಲರೂ ಶಾಂತಚಿತ್ತರಾಗಿ ಸಮೀಪದ ನಿರ್ಗಮನ ದ್ವಾರದ ಮೂಲಕ ಹೊರನಡೆಯಬೇಕಾಗಿ ವಿನಂತಿ.’ ಎಲ್ಲರೂ ಶಾಂತಚಿತ್ತರಾದರು. ಹೊಲಿಗೆ ನಿಲ್ಲಿಸಿ, ತಲೆಯೆತ್ತಿ ಕೇಳಿದರು. ದನಿ ಮುಗಿದ ಮೇಲೆ ಮತ್ತೆ ಹೊಲಿಯತೊಡಗಿದರು. ಯಾಕೆ ಯಾರೂ ಏಳಲಿಲ್ಲ ಎಂದು ಲೈನ್ ಸೂಪರ್‌ವೈಸರ್ ಪದ್ಮಳನ್ನು ಕೇಳಿದೆ. ಆಕೆ ನಮ್ಮ ದೊಡ್ಡಬಳ್ಳಾಪುರದವಳೇ, ನಮ್ಮ ಹಿಂದಿನ ಬೀದಿ.

“ಯಾವ್ದೋ ರೈಲು ಲೇಟು ಅಂತ ಹೇಳ್ತಾವ್ಳೆ ಅನ್ಕೊಂಡ್ವಿ ಸಾರ್” ಎಂದಳು.

ಎರಡನೆಯ ಬಾರಿಗೆ ನನ್ನ ದನಿಯನ್ನೇ ರೆಕಾರ್ಡ್ ಮಾಡಿದೆ. ವೈರ್‌ಲೆಸ್ಸಿನಲ್ಲಿ ಅಷ್ಟು ವರ್ಷ ಮಾತಾಡಿದವನು, ಗಂಭೀರವಾಗಿಯೇ ಹೇಳಿದೆ. ಆದರೆ ಹಳೆಯ ಅಭ್ಯಾಸ ಕೈಕೊಟ್ಟಿತು. ‘ಬೆಂಕಿ ಬಿದ್ದಿದೆ, ಹೊರಗೆ ಬನ್ನಿ, ಓವರ್’ ಎಂದು ಮುಗಿಸಿಬಿಟ್ಟಿದ್ದೆ. ಓವರ್ ಅಂದರಲ್ಲಾ, ಬೆಂಕಿ ಆರಿತು ತಾನೆ ಎಂದು ಅರ್ಧ ಎದ್ದವರೂ ಕುಳಿತರು. ಅಷ್ಟರಲ್ಲಿ ಸರ್ಕಾರದ ಅಧಿಕಾರಿಗಳು ತಪಾಸಣೆಗೆ ಬರುವ ದಿನ ಗೊತ್ತಾಯಿತು. ಕಿರಣ್ ನಗುವುದನ್ನು ನಿಲ್ಲಿಸಿದ.

ಆ ಭಾನುವಾರ ನಾನು ಮಂಕು ಬಡಿದವನಂತೆ ಹಜಾರದಲ್ಲಿ ಕುಳಿತಿದ್ದೆ. ನನ್ನ ಹೆಂಡತಿ ರತ್ನ ತಾರಸಿಯ ಮೇಲೆ ರಾಗಿ ಒಣಹಾಕಿದ್ದಳು. ಆಕೆ ಬೆಳೆದದ್ದು ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಊಟಕ್ಕೆ ಕರೆಯುವ ಮನೆಯಲ್ಲಿ. ಪೇಟೆಗೆ ಬಂದ ಮೇಲೂ ದನಿಯನ್ನು ಪೇಟೆಯ ಅಳತೆಗೆ ಕತ್ತರಿಸಿಕೊಂಡಿರಲಿಲ್ಲ. ಇದ್ದಕ್ಕಿದ್ದಂತೆ ಮೋಡ ಕವಿದು ಹನಿ ಬಿತ್ತು. ಮೇಲಿನಿಂದ ರತ್ನ ಒಂದೇ ಒಂದು ಸಲ, ಮಳೆ ಬಂತು, ರಾಗಿ ನೆನೆಯುತ್ತೆ ಎಂದು ಕೂಗಿದಳು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಎದುರುಮನೆಯವರು ನನಗಿಂತ ಮುಂದಿದ್ದರು. ಪಕ್ಕದ ಮನೆಯ ಬಾಡಿಗೆದಾರರು ಬಂದರು. ಬೀದಿಯಲ್ಲಿ ಗಾಡಿ ತಳ್ಳುತ್ತಿದ್ದ ಸೊಪ್ಪಿನವನು, ಆತನಿಗೂ ನಮ್ಮ ರಾಗಿಗೂ ಏನು ಸಂಬಂಧವೋ, ಗಾಡಿ ಬಿಟ್ಟು ಬಂದು ಮೂಟೆ ಹಿಡಿದುಕೊಂಡ. ನಾನು ರಾಗಿಯ ನಡುವೆ ಬೆಪ್ಪನಂತೆ ನಿಂತೆ. ನಮ್ಮ ಕಂಪನಿ ಹುಡುಕುತ್ತಿದ್ದ ಸೊಲ್ಯೂಷನ್ ನನ್ನ ಮನೆಯ ತಾರಸಿಯ ಮೇಲಿತ್ತು.

ರೆಕಾರ್ಡ್ ಮಾಡುವುದೇನು ಸುಲಭವಾಗಲಿಲ್ಲ. ಮೊಬೈಲ್ ಮುಂದೆ ಹಿಡಿದ ಕೂಡಲೇ ರತ್ನ ಸೆರಗು ಸರಿಮಾಡಿಕೊಂಡು, ನಮಸ್ಕಾರ, ನಾನು ರತ್ನ ಮಾತಾಡ್ತಿರೋದು ಎಂದು ಮೆಲ್ಲಗೆ ಶುರುಮಾಡಿದಳು. ನಮ್ಮ ಮದುವೆಯಾದ ಮೇಲೆ ಅಷ್ಟು ಮೆತ್ತಗಿನ ದನಿಯನ್ನು ನಾನು ಕೇಳಿದ್ದೇ ಇಲ್ಲ. ಬೆಂಕಿ ಬಿದ್ದಿದೆ ಅಂದುಕೋ ಎಂದರೆ, ಬೆಂಕಿ ಬಿದ್ದರೆ ಮೊಬೈಲ್ ಮುಂದೆ ಯಾಕೆ ಕೂರುತ್ತೇನೆ ಎಂದು ಕೇಳಿದಳು. ಅದೂ ಸರಿಯೇ. ಸಾರಿಗೆ ಉಪ್ಪು ಜಾಸ್ತಿ ಎಂದು ಕೆಣಕಿ ನೋಡಿದೆ. ದನಿ ಏರಿತು, ನಿಜ. ಆದರೆ ಆಡಿದ ಮಾತುಗಳು ಕಾರ್ಖಾನೆಯಲ್ಲಿ ಹಾಕುವಂಥವಾಗಿರಲಿಲ್ಲ.

ಕೊನೆಗೆ ಸೋತು ಮೊಬೈಲ್ ಕೆಳಗಿಟ್ಟೆ. ಆಗ ಅವಳೇ ಕೇಳಿದಳು.

“ಅಲ್ಲಿ ಕೆಲ್ಸ ಮಾಡೋರೆಲ್ಲ ಯಾರ್ರೀ?”

“ಎಲ್ಲಾ ನಿನ್ನ ತಂಗೀರ ವಯಸ್ಸಿನವರು ಕಣೆ. ಸುತ್ತಮುತ್ತಲ ಹಳ್ಳಿಯೋರು.”

“ಹೊಗೆ ಬಂದ್ರೆ ಅವ್ರಿಗೆ ಗೊತ್ತಾಗಲ್ವಾ?”

“ಮಿಷಿನ್ ಸದ್ದಲ್ಲಿ ತಲೆ ತಗ್ಸಿ ಕೂತಿರ್ತಾರೆ. ಗೊತ್ತಾಗೋ ಹೊತ್ಗೆ ಮೆಟ್ಲು ತುಂಬ ಹೊಗೆ ಇರುತ್ತೆ.”

ರತ್ನ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒತ್ತಿ ಎಂದಳು. ಒತ್ತಿದೆ.

“ಏಯ್, ಬೆಂಕಿ ಬಿದ್ದೈತೆ, ಎದ್ದು ಆಚೆಗ್ ಬನ್ರೇ! ಬ್ಯಾಗ್ ಬಿಡಿ, ಚಪ್ಲಿ ಬಿಡಿ, ಡಬ್ಬಿ ಬಿಡಿ. ಮೆಟ್ಲಲ್ಲಿ ತಳ್ಳಾಡ್ಬೇಡಿ, ಒಬ್ರ ಹಿಂದೆ ಒಬ್ರು ಬನ್ನಿ. ಇನ್ನೂ ಏನ್ ನೋಡ್ತಾ ಕೂತಿದ್ದೀರಾ, ನಡೀರಿ.”

ನಾನು ರೆಕಾರ್ಡಿಂಗ್ ನಿಲ್ಲಿಸುವಷ್ಟರಲ್ಲಿ ಎದುರುಮನೆಯವರು ಮತ್ತೆ ಬೀದಿಗೆ ಬಂದಿದ್ದರು.

ಕಿರಣ್ ಕೇಳಿ, ಇದು ಪ್ರೊಫೆಷನಲ್ ಆಗಿಲ್ಲ ಅಂಕಲ್ ಎಂದ. ಆದರೆ ಬೇರೆ ದಾರಿ ಇರಲಿಲ್ಲ. ತಪಾಸಣೆಯ ದಿನ ಗಂಟೆ ಹೊಡೆದು ರತ್ನಳ ದನಿ ಬಂದದ್ದೇ ತಡ, ಮೂರೂ ಅಂತಸ್ತು ಖಾಲಿ. ನಿಂತು ನೋಡಿ ಬರೆದುಕೊಳ್ಳಬೇಕಾಗಿದ್ದ ಅಧಿಕಾರಿ ಕೂಡ ಫೈಲನ್ನು ಮೇಜಿನ ಮೇಲೇ ಬಿಟ್ಟು ಸಾಲಿನಲ್ಲಿ ಇಳಿದು ಬಂದಿದ್ದರು. ಹೊಸಕೋಟೆ, ನೆಲಮಂಗಲದ ಕಾರ್ಖಾನೆಗಳವರೂ ಅದೇ ದನಿ ಬೇಕೆಂದರು. ನಾನು ಪರೀಕ್ಷೆ, ತರಬೇತಿ, ಬಡ್ತಿ ಎಂದು ಅರ್ಧ ಆಯಸ್ಸು ಸವೆಸಿದ ಕ್ಷೇತ್ರದಲ್ಲಿ ನನ್ನ ಹೆಂಡತಿ ಒಂದು ಭಾನುವಾರದಲ್ಲಿ ಹೆಸರು ಮಾಡಿದಳು. ಸಂತೆಯಲ್ಲಿ ಯಾರೋ ಹೆಣ್ಣುಮಗಳು ಅವಳ ದನಿ ಗುರುತು ಹಿಡಿದು, ನಮ್ಮ ಫ್ಯಾಕ್ಟ್ರೀಲಿ ಬಯ್ಯೋದು ನೀವೇ ಅಲ್ವಾ ಅಕ್ಕಾ ಎಂದು ಕೈ ಹಿಡಿದುಕೊಂಡಳಂತೆ.

ನಿಜವಾದ ಬೆಂಕಿ ಬಿದ್ದದ್ದು ಕೆಲವು ತಿಂಗಳ ಮೇಲೆ, ಬೆಳಗಿನ ಟೀ ಹೊತ್ತಿಗೆ. ಎರಡನೇ ಅಂತಸ್ತಿನ ಇಸ್ತ್ರಿ ವಿಭಾಗದಲ್ಲಿ ವೈರು ಸುಟ್ಟು ಬಟ್ಟೆಯ ರಾಶಿಗೆ ಹತ್ತಿಕೊಂಡಿತು. ಯಂತ್ರ ನೋಡಲು ಹೋಗಿದ್ದ ನಾನು ಆಗ ಕೆಳಗಿನ ಕಂಟ್ರೋಲ್ ರೂಮಿನಲ್ಲಿದ್ದೆ. ಅಂಥ ಹೊತ್ತಿನಲ್ಲಿ ಅಲ್ಲಿರುವವನ ಕರ್ತವ್ಯ ಏನೆಂದು ಎಲ್ಲರಿಗೂ ಪಾಠ ಹೇಳಿದವನು ನಾನೇ: ಕೂತ ಜಾಗ ಬಿಡಬಾರದು, ಕ್ಯಾಮೆರಾದಲ್ಲಿ ಒಳಗೆ ಯಾರಾದರೂ ಉಳಿದಿದ್ದಾರೆಯೇ ನೋಡಬೇಕು, ಅಗ್ನಿಶಾಮಕದವರಿಗೆ ಫೋನ್ ಮಾಡಬೇಕು, ಎಲ್ಲರಿಗಿಂತ ಕೊನೆಗೆ ಹೊರಡಬೇಕು.

ಗಂಟೆ ಹೊಡೆಯಿತು. ರತ್ನ ಕೂಗಿದಳು.

ಆಮೇಲೆ ನನಗೆ ನೆನಪಿರುವುದು, ನಾನು ಗೇಟಿನಾಚೆ ಹೊಂಗೆಮರದ ಕೆಳಗೆ, ಕೈಯಲ್ಲಿ ಟೀ ಲೋಟ ಹಿಡಿದು, ಬರಿಗಾಲಲ್ಲಿ ನಿಂತಿದ್ದದ್ದು. ಸುತ್ತಮುತ್ತ ಯಾರೂ ಇರಲಿಲ್ಲ. ಹೆಣ್ಣುಮಕ್ಕಳು ಆಗಷ್ಟೇ ಸಾಲಾಗಿ ಹೊರಗೆ ಬರುತ್ತಿದ್ದರು. ಪದ್ಮ ತನ್ನ ಲೈನಿನವರನ್ನೆಲ್ಲ ಎಣಿಸಿ, ಎಲ್ಲರೂ ಬಂದರು ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ನನ್ನನ್ನು ನೋಡಿದಳು.

“ಸಾರ್, ಕಂಟ್ರೋಲ್ ರೂಮಲ್ಲಿ ಯಾರವ್ರೆ?”

ನಾನು ಲೋಟವನ್ನು ಅವಳ ಕೈಗೆ ಕೊಟ್ಟು ಒಳಗೆ ಓಡಿದೆ. ಅಷ್ಟರಲ್ಲಿ ಸೆಕ್ಯೂರಿಟಿಯವರು ಬೆಂಕಿ ಆರಿಸಿ, ಅಗ್ನಿಶಾಮಕಕ್ಕೂ ತಿಳಿಸಿದ್ದರು. ಬಟ್ಟೆಯ ರಾಶಿ ಸುಟ್ಟಿತ್ತು, ಒಬ್ಬರಿಗೂ ಒಂದು ಗಾಯವಿಲ್ಲ. ಮೆಟ್ಟಿಲ ತುಂಬ ಇನ್ನೂ ಹೊಗೆಯಿತ್ತು.

ಸಂಜೆ ಮನೆಗೆ ಹೋದಾಗ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಪದ್ಮ ಬಂದು ರತ್ನಳ ಕೈ ಹಿಡಿದು ಅತ್ತು ಹೋಗಿದ್ದಳಂತೆ. ರತ್ನಳ ಕಣ್ಣೂ ಕೆಂಪಾಗಿತ್ತು. ಕಾಫಿ ತಂದಿಟ್ಟು ಎದುರಿಗೆ ಕೂತಳು. ಹೋಗುವ ಮೊದಲು ಪದ್ಮ ಹೊಂಗೆಮರದ ವಿಷಯವನ್ನೂ ಹೇಳಿಯೇ ಹೋಗಿದ್ದಳು.

“ಅಲ್ಲಾ ರೀ, ನಿಜ ಹೇಳಿ. ನೀವು ಬೆಂಕಿಗೆ ಹೆದ್ರಿ ಓಡಿದ್ರಾ, ನನ್ನ ದನಿಗೆ ಹೆದ್ರಿ ಓಡಿದ್ರಾ?”

ಸರ್ಕಾರದಲ್ಲೂ ಖಾಸಗಿಯಲ್ಲೂ ಜನರ ಸುರಕ್ಷತೆಯನ್ನೇ ಕಸುಬು ಮಾಡಿಕೊಂಡು ಬಂದವನು ನಾನು. ಈ ಎರಡು ಉತ್ತರಗಳಲ್ಲಿ ಯಾವುದು ಸುರಕ್ಷಿತ ಎಂದು ತಿಳಿಯಲಿಲ್ಲ. ಕಾಫಿ ಲೋಟ ತೆಗೆದುಕೊಂಡು, ತಳ್ಳಾಡದೆ, ಸದ್ದಿಲ್ಲದೆ, ಸಮೀಪದ ಬಾಗಿಲಿನಿಂದ ಹೊರನಡೆದೆ.